ಪಿಕ್ಚರ್ ಪ್ಯಾಲೇಸಿನ ದೂರದ ನೆಂಟರು

ಹಾಸನದ ಚಿತ್ರಮಂದಿರ ಪಿಕ್ಚರ್ ಪ್ಯಾಲೇಸ್ ನಮಗೆಲ್ಲ ನಮ್ಮೂರಿನದೇ ಹೆಸರು. ಆದರೆ ಮಸ್ಸೂರಿಯಲ್ಲೂ ಒಂದು ಪಿಕ್ಚರ್ ಪ್ಯಾಲೇಸ್ ಇತ್ತು. ಕಳೆದ ಶತಮಾನದ ಆರಂಭದ ಇಂಗ್ಲೆಂಡಿನಲ್ಲಂತೂ ಹಲವು ಊರುಗಳಲ್ಲಿ ಇದ್ದವು. ಒಡೆತನದ ಸಂಬಂಧವೇ ಇಲ್ಲದ ಮಂದಿರಗಳಿಗೆ ಒಂದೇ ಹೆಸರು ಬರುವುದು ಆಕಸ್ಮಿಕವಲ್ಲ. ಹೊಸ ಮಂದಿರ ಕಟ್ಟುವವನು ದೂರದ ದೊಡ್ಡ ನಗರದ ವೈಭವವನ್ನು ಕಾಸು ಖರ್ಚಿಲ್ಲದೆ ತನ್ನ ಬಾಗಿಲಿಗೆ ತರಿಸಿಕೊಳ್ಳುವ ದಾರಿ ಅದು.

ಇದಕ್ಕೆ ರಿವೋಲಿಗಿಂತ ಸ್ವಾರಸ್ಯದ ಉದಾಹರಣೆ ನನಗೆ ಗೊತ್ತಿಲ್ಲ. 1797ರ ಜನವರಿಯಲ್ಲಿ ಇಟಲಿಯ ರಿವೋಲಿ ಎಂಬ ಹಳ್ಳಿಯ ಬಳಿ ನೆಪೋಲಿಯನ್ನನು ಆಸ್ಟ್ರಿಯದ ಸೇನೆಯನ್ನು ಸೋಲಿಸಿದನು. ಆ ಗೆಲುವಿನ ನೆನಪಿಗೆ ಪ್ಯಾರಿಸ್ಸಿನ ಬೀದಿಯೊಂದಕ್ಕೆ ರಿವೋಲಿ ಎಂದು ಹೆಸರಿಡಲಾಯಿತು. ಪ್ಯಾರಿಸ್ಸಿನ ಸೊಗಸು ಅಂಟಿಕೊಂಡ ಮೇಲೆ ಹೆಸರಿನಿಂದ ಯುದ್ಧ ಕಳಚಿಹೋಯಿತು. 1917ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಿವೋಲಿ ಚಿತ್ರಮಂದಿರ ತೆರೆಯಿತು, ಮುಂದೆ ದೆಹಲಿಯ ಕನ್ನಾಟ್ ಪ್ಲೇಸಿನಲ್ಲೂ ಒಂದು ತಲೆಯೆತ್ತಿತು. ಅಲ್ಲಿ ಟಿಕೆಟ್ ಕೊಂಡವರಲ್ಲಿ ಎಷ್ಟು ಮಂದಿಗೆ ಆ ರಣರಂಗ ನೆನಪಾಗಿರಬಹುದು!

ರಾಕ್ಸಿ ಎಂಬ ಇನ್ನೊಂದು ಚಿತ್ರಮಂದಿರದ ಹೆಸರಿನ ಮೂಲ ಇನ್ನೂ ಹತ್ತಿರದ್ದು. ಅದು ಸ್ಯಾಮುಯೆಲ್ ರೋಥಾಫೆಲ್ ಎಂಬ ಚಿತ್ರಮಂದಿರ ವ್ಯವಸ್ಥಾಪಕರ ಅಡ್ಡಹೆಸರು. 1927ರಲ್ಲಿ ಅವರ ಹೆಸರಿನಲ್ಲಿ ನ್ಯೂಯಾರ್ಕಿನಲ್ಲಿ ತೆರೆದ, ಸುಮಾರು 6,000 ಆಸನಗಳ ಮಂದಿರವನ್ನು 1960ರಲ್ಲಿ ಕೆಡವಿದರು. ಆದರೆ ಮುಂಬಯಿಯೂ ಸೇರಿದಂತೆ ಎಷ್ಟೋ ನಗರಗಳು ಅಷ್ಟರೊಳಗೆ ತಮ್ಮದೇ ರಾಕ್ಸಿಗಳನ್ನು ಕಟ್ಟಿಕೊಂಡಿದ್ದವು. ಬ್ರಿಟನ್ನಿನ ಓಡಿಯನ್ ಚಿತ್ರಮಂದಿರಗಳ ಮಾತು ಬೇರೆ: 1930ರಿಂದ ಆಸ್ಕರ್ ಡಾಯ್ಚ್ ಎಂಬವರು ಒಂದೇ ಸಂಸ್ಥೆಯಡಿ ಕಟ್ಟಿಸಿದ ಸಾಲು ಅದು, ಆದ್ದರಿಂದ ಅಲ್ಲಿ ಹೆಸರು ಹಂಚಿಕೆಯಾದದ್ದರಲ್ಲಿ ಸೋಜಿಗವಿಲ್ಲ.

ನಮ್ಮ ಕಡೆಯವರಿಗೆ ಹೆಚ್ಚು ಪರಿಚಿತವಾದದ್ದು ಮೆಜೆಸ್ಟಿಕ್. ಹಾಸನದಿಂದ ಬಸ್ಸು ಹತ್ತುವವರು ‘ಮೆಜೆಸ್ಟಿಕ್ಕಿಗೆ ಒಂದು ಕೊಡಿ’ ಎನ್ನುತ್ತಾರೆಯೇ ಹೊರತು ಕೆಂಪೇಗೌಡ ಬಸ್ ನಿಲ್ದಾಣವೆನ್ನುವವರು ಅಪರೂಪ. ಅಲ್ಲಿದ್ದ ಚಿತ್ರಮಂದಿರವೊಂದರ ಹೆಸರು ಇಡೀ ಪ್ರದೇಶವನ್ನೇ ಆವರಿಸಿತು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೂ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊದಲ್ಲೂ ಮೆಜೆಸ್ಟಿಕ್ ರಂಗಮಂದಿರಗಳಿವೆ, ಆದರೆ ಬಸ್ ನಿಲ್ದಾಣವನ್ನು ನುಂಗುವ ಶಕ್ತಿ ಬಂದದ್ದು ಬೆಂಗಳೂರಿನದಕ್ಕೆ.

ಊರೂರಿನಲ್ಲೂ ಲಕ್ಷ್ಮೀ ಚಿತ್ರಮಂದಿರ, ವೆಂಕಟೇಶ್ವರ ಚಿತ್ರಮಂದಿರ ಎಂದು ಹೆಸರಿಟ್ಟ ನಮ್ಮ ಮಾಲೀಕರೂ ಯಾರ ಅಪ್ಪಣೆಯನ್ನೂ ಕೇಳಿರಲಾರರು. ಮಲ್ಟಿಪ್ಲೆಕ್ಸುಗಳ ಹೆಸರು ಹಾಗಲ್ಲ, ಅದು ಒಪ್ಪಂದದ ಜೊತೆಗೆ ಬರುತ್ತದೆ. ಸುಮ್ಮನೆ ಎತ್ತಿಕೊಂಡವರ ಮನೆಗೆ ವಕೀಲರ ನೋಟಿಸು ಬರುತ್ತದೆ.