ಹನ್ನೆರಡು ತಿಂಗಳು ಇರುವಾಗ ಇಪ್ಪತ್ತೇಳು ಹಾಳೆ ಯಾಕೆ?

ನಮ್ಮ ಮನೆ ಕೊಪ್ಪಳದಲ್ಲಿದೆ, ಹೊಲ ಯಲಬುರ್ಗಾ ತಾಲೂಕಿನಲ್ಲಿ. ಮನೆಯ ಗೋಡೆಗೆ ನಾನೇ ಗೆರೆ ಹಾಕಿ ಮಾಡಿದ ಕ್ಯಾಲೆಂಡರ್ ಇದೆ. ಅದರಲ್ಲಿ 27 ಹಾಳೆ. ಬಂದವರು ಚಹಾ ಕುಡಿಯುತ್ತ ಒಂದೆರಡು ಹಾಳೆ ಎತ್ತಿ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಯಾಕ್ರೀ ಮಾಸ್ತರ್ರ, ಹನ್ನೆರಡು ತಿಂಗಳು ಸಾಲಂಗಿಲ್ಲೇನು?"

ಸಾಲುವುದಿಲ್ಲ. ಹೊಲದ ಕೆಲಸಕ್ಕೆ ತಿಂಗಳು ತೀರಾ ದೊಡ್ಡದು.

ನಮ್ಮವ್ವ ಜೂನ್ ಬಂತು ಅಂದಿದ್ದನ್ನು ನಾನು ಕೇಳಿಲ್ಲ. "ಮಿರಗ ಕೂಡಿತು" ಅನ್ನುತ್ತಿದ್ದಳು. ಮಿರಗ ಅಂದರೆ ಮೃಗಶಿರಾ ನಕ್ಷತ್ರ. ನಕ್ಷತ್ರ 27, ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಿಗೆ ನಮ್ಮಲ್ಲಿ ಮಳೆ ಅಂತಲೇ ಹೆಸರು. ಒಂದು ಹನಿ ಬೀಳದಿದ್ದರೂ "ಈಗ ಆರಿದ್ರಾ ಮಳೆ ನಡದೈತಿ" ಅನ್ನುತ್ತಾರೆ. ಅಳತೆಗೂ ನೀರಿಗೂ ಒಂದೇ ಮಾತು. ನನಗೆ ಇದು ಬಹಳ ಇಷ್ಟ.

ಕೆಲವು ವರ್ಷ ಅಂಗಳದಲ್ಲಿ ಮಳೆ ಅಳೆದು ದಿನಾ ಬರೆದಿಟ್ಟಿದ್ದೆ. ಒಂದು ವರ್ಷ ನಮ್ಮ ಹೆಸರುಕಾಳಿನ ಬೆಳೆ ಒಣಗಿತು. ಪುಸ್ತಕ ತೆಗೆದು ಜೂನ್ ಲೆಕ್ಕ ಕೂಡಿಸಿದರೆ ಮಳೆಗೆ ಅಂಥ ಕೊರತೆ ಏನೂ ಇಲ್ಲ! ಅದೇ ಲೆಕ್ಕವನ್ನು ಮಳೆಯ ಪ್ರಕಾರ ಒಡೆದು ಬರೆದೆ. ರೋಹಿಣಿಯ ಕೊನೆಗೆ ಚೆನ್ನಾಗಿ ಬಂದಿತ್ತು. ಮಿರಗದ ಮೊದಲ ಮೂರ್ನಾಲ್ಕು ದಿನವೂ ಬಂದಿತ್ತು. ಆಮೇಲೆ ಆರಿದ್ರಾ ಪೂರ್ತಿ ಖಾಲಿ. ತಿಂಗಳ ಮೊತ್ತದಲ್ಲಿ ಆ ಖಾಲಿ ದಿನಗಳು ಮುಚ್ಚಿಹೋಗಿದ್ದವು. ಅವತ್ತೇ ಹಾಳೆ ಕತ್ತರಿಸಲು ಕೂತೆ.

ಹೆಸರಿನ ಲೆಕ್ಕ ನೋಡಿ. ಅದು ಹೆಚ್ಚುಕಡಿಮೆ 70 ದಿನದ ಬೆಳೆ. ನನ್ನ ಕ್ಯಾಲೆಂಡರ್‌ನಲ್ಲಿ ಐದು ಹಾಳೆ. ಮಿರಗ ಕೂಡುವ ಜೂನ್ 8ಕ್ಕೆ ಬಿತ್ತಿದರೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ದಾಟಿ ಆಗಸ್ಟ್ 17ರ ಹೊತ್ತಿಗೆ ಕಾಯಿ ಬಿಡಿಸಲು ಬರುತ್ತದೆ. ಬಿತ್ತನೆ ಒಂದು ಹಾಳೆ ಹಿಂದೆ ಬಿತ್ತೆಂದರೆ ಕೊಯ್ಲು ಮಘಿ ದಾಟಿ ಹುಬ್ಬಿ ಮಳೆಗೆ ಸಿಗುತ್ತದೆ. ಒಣಗಿದ ಕಾಯಿ ಗಿಡದಲ್ಲೇ ನೆನೆದು ಕಪ್ಪಾಗುತ್ತವೆ. "ಮಘಿ ಮಳಿ ಬಂದಷ್ಟೂ ಚಲೋ, ಮನಿ ಮಗ ಉಂಡಷ್ಟೂ ಚಲೋ" ಅಂತ ಗಾದೆ ಇದೆ. ಹಿಂಗಾರಿಗೆ ಎರೆ ಭೂಮಿ ಹದ ಮಾಡಿಕೊಳ್ಳುವವರಿಗೆ ಅದು ನಿಜ. ಹೆಸರು ಇನ್ನೂ ಹೊಲದಲ್ಲಿರುವವರ ಎದೆ ಮಾತ್ರ ಆ ಮಳೆಗೆ ಹೊಡೆದುಕೊಳ್ಳುತ್ತದೆ. ಇದನ್ನೆಲ್ಲ ಜೂನ್, ಜುಲೈ, ಆಗಸ್ಟ್ ಅಂತ ಹೇಳಲು ಹೋದರೆ ಬಾಯಲ್ಲಿ ನಿಲ್ಲುವುದಿಲ್ಲ.

365 ದಿನವನ್ನು 27 ಹಾಳೆಗೆ ಹಂಚಿದರೆ 14 ಹಾಳೆಗೆ ಹದಿನಾಲ್ಕು ದಿನ, ಉಳಿದ 13ಕ್ಕೆ ಹದಿಮೂರು ದಿನ. ಹದಿನಾಲ್ಕರವನ್ನು ಮಳೆಗಾಲದ ಕಡೆ ಇಟ್ಟಿದ್ದೇನೆ, ಹದಿಮೂರರವನ್ನು ಚಳಿಗಾಲದ ಕಡೆ. ಸುಮ್ನೆ ಇಟ್ಟಿದ್ದಲ್ಲ. ಭೂಮಿ ಜನವರಿ ಮೊದಲಲ್ಲಿ ಸೂರ್ಯನಿಗೆ ಹತ್ತಿರ ಇದ್ದು ಬೇಗ ಓಡುತ್ತದೆ, ಜುಲೈ ಮೊದಲಲ್ಲಿ ದೂರ ಇದ್ದು ನಿಧಾನ ನಡೆಯುತ್ತದೆ. ವರ್ಷ ಶುರುವಾಗುವುದು ರೋಹಿಣಿಯಿಂದ, ಮೇ 25ಕ್ಕೆ. ಆಗ ನಮ್ಮ ಒಣ ಬೇಸಾಯದ ಹೊಲದಲ್ಲಿ ಹಳೆಯದು ಒಂದು ಕಡ್ಡಿಯೂ ಉಳಿದಿರುವುದಿಲ್ಲ.

ಓದುವ ದಿನಗಳಲ್ಲಿ ನನಗೆ 13 ತಿಂಗಳ ಕ್ಯಾಲೆಂಡರ್ ಹುಚ್ಚಿತ್ತು. ತಿಂಗಳಿಗೆ ಸರಿಯಾಗಿ 28 ದಿನ, ನಾಲ್ಕು ವಾರ. ಕೊಡಾಕ್ ಕಂಪನಿ ತನ್ನ ಲೆಕ್ಕಪತ್ರಕ್ಕೆ ಇದನ್ನು 1928ರಿಂದ 1989ರವರೆಗೆ ಬಳಸಿತು. ಆದರೆ 13ನ್ನು 28ರಿಂದ ಗುಣಿಸಿದರೆ 364. ಉಳಿಯುವ ಒಂದು ದಿನಕ್ಕೆ ಸೋಮವಾರ, ಮಂಗಳವಾರ ಯಾವುದೂ ಇಲ್ಲ. ಹಾಗಾದರೆ ಸಂತೆ ಯಾವತ್ತು? ಫ್ರಾನ್ಸ್‌ನವರು ಕ್ರಾಂತಿಯ ನಂತರ 1793ರಲ್ಲಿ ತಂದ ಕ್ಯಾಲೆಂಡರ್‌ನಲ್ಲಿ ಮಂಜಿನ ತಿಂಗಳು, ಗಾಳಿಯ ತಿಂಗಳು ಅಂತ ಚಂದದ ಹೆಸರುಗಳಿದ್ದವು. ಆದರೆ ವಾರಕ್ಕೆ ಹತ್ತು ದಿನ ಮಾಡಿದರು. ದುಡಿಯುವವನ ಬಿಡುವು ಏಳಕ್ಕೊಮ್ಮೆ ಇದ್ದದ್ದು ಹತ್ತಕ್ಕೊಮ್ಮೆ ಆಯಿತು. 1806ರ ಹೊಸ ವರ್ಷಕ್ಕೆ ಅದು ರದ್ದಾಯಿತು. ಅದಕ್ಕೇ ನಾನು ವಾರವನ್ನು ಮುಟ್ಟಲಿಲ್ಲ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಎಳ್ಳಮಾವಾಸ್ಯೆ ಎಲ್ಲ ಚಂದ್ರನ ಲೆಕ್ಕ. ಅವನ್ನು ಪಂಚಾಂಗ ನೋಡಿ ಪ್ರತಿ ವರ್ಷ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಬೆಳೆಗೆ ತಕ್ಕ ವರ್ಷ ಅನ್ನುವುದು ನಮ್ಮ ಕಡೆಗೆ ಹೊಸದಲ್ಲ. ಕೊಪ್ಪಳ, ರಾಯಚೂರು 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಆ ಕಾಲದ ಜಮೀನು ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ. ಚಂದ್ರನ ಹಿಜರಿ ವರ್ಷ 11 ದಿನ ಚಿಕ್ಕದು. ಕಂದಾಯದ ದಿನ ಪ್ರತಿ ವರ್ಷ ಕೊಯ್ಲಿನಿಂದ ಜಾರುತ್ತಿತ್ತು. ಹಾಗಾಗಿ ಅಕ್ಬರನ ಕಾಲದಲ್ಲಿ ಫಸಲಿಗೆ ಹೊಂದುವ ವರ್ಷ ಬಂತು.

ಇನ್ನು ಪಂಚಾಂಗ ಬಲ್ಲ ಹಿರಿಯರ ಪ್ರಶ್ನೆ: "ನಿನ್ನ ಮಿರಗ ಯಾವತ್ತೂ ಜೂನ್ 8ಕ್ಕೇ ಯಾಕೆ? ನಕ್ಷತ್ರ ಜರುಗುವುದಿಲ್ಲವೇ?" ಜರುಗುತ್ತದೆ. ನಕ್ಷತ್ರ ಹಿಡಿದು ಎಣಿಸುವ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ. ಸುಮಾರು 71 ವರ್ಷಕ್ಕೆ ಒಂದು ದಿನದ ಅಂತರ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಸಂಕ್ರಾಂತಿ ಮಾಡುವುದು ಜನವರಿ 14-15ಕ್ಕೆ ಅಲ್ವಾ? ಆ ಮೂರು ವಾರ ಹೀಗೆ ಕೂಡಿಕೊಂಡದ್ದು. ವಿಜ್ಞಾನಿ ಮೇಘನಾದ ಸಾಹಾ ಅವರ ಸಮಿತಿ 1955ರ ವರದಿಯಲ್ಲಿ ಇದನ್ನೇ ಸರಿಪಡಿಸಲು ಹೇಳಿತು. 1957ರ ಮಾರ್ಚ್ 22ರಿಂದ ಬಂದ ರಾಷ್ಟ್ರೀಯ ಶಕ ಕ್ಯಾಲೆಂಡರ್ ಋತುವಿಗೆ ಕಟ್ಟಿಕೊಂಡದ್ದು. ನಾನೂ ಆ ಕಡೆಯವನು. ಮಳೆಯ ಹೆಸರು ನಕ್ಷತ್ರದ್ದೇ ಇರಲಿ, ಗೂಟ ಮಾತ್ರ ಋತುವಿನಲ್ಲಿರಲಿ.

ಗೂಟ ಅಂದದ್ದು ನಿಜವಾದ ಗೂಟವನ್ನೇ. ನಮ್ಮ ಅಂಗಳದಲ್ಲಿ ಒಂದು ನೆಟ್ಟಿದ್ದೇನೆ. ಕೊಪ್ಪಳದಲ್ಲಿ ಮೇ 2ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 22 ನಿಮಿಷದ ಹೊತ್ತಿಗೆ, ಸೂರ್ಯ ನೆತ್ತಿಯ ಮೇಲೆ ನಿಂತು ಅದಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ನಡು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್ 11ರ ಸುಮಾರಿಗೆ ಮತ್ತೆ ಮಾಯ. ಭರಣಿ ಮತ್ತು ಆಶ್ಲೇಷದ ಹಾಳೆಗಳಲ್ಲಿ ಆ ದಿನಗಳಿಗೆ ಚುಕ್ಕೆ ಇಟ್ಟಿದ್ದೇನೆ. ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳು ಗೂಟದ ಸುತ್ತ ಬಗ್ಗಿ ನಿಲ್ಲುತ್ತಾರೆ.

ಗಂಗಾವತಿಯಲ್ಲಿರುವ ನಮ್ಮಕ್ಕನಿಗೆ ಮಾತ್ರ ಈ ಕ್ಯಾಲೆಂಡರ್ ಹೊಂದಲಿಲ್ಲ. ಅವರದು ಭತ್ತ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. "ನಮಗ ಮಿರಗ ಅಲ್ಲೋ ತಮ್ಮಾ, ಕಾಲುವಿಗೆ ನೀರು ಬಿಟ್ಟ ದಿನಾನ ಹಬ್ಬ" ಅಂದಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಅವಳ ಜೊತೆ ಫೋನಿನಲ್ಲಿ ನಾನೂ ಎಚ್ಚರ ಇದ್ದೆ. ನಾಟಿ ಮಾಡಿದ ಗದ್ದೆ ಮುಂದಿತ್ತು. ಯಾವ ನಕ್ಷತ್ರ ಅಂತ ಅವಳು ಕೇಳಲಿಲ್ಲ, ಡ್ಯಾಮಿನಲ್ಲಿ ಎಷ್ಟು ನೀರು ಉಳಿಯಬಹುದು ಅಂತ ಕೇಳಿದಳು.

ಅವಳಿಗಾಗಿ ಬೇರೆ ಕ್ಯಾಲೆಂಡರ್ ಮಾಡುತ್ತಿದ್ದೇನೆ. ಸಸಿ ಮಡಿಯಿಂದ ಕೊಯ್ಲಿನವರೆಗೆ ಸೋನಾ ಮಸೂರಿಗೆ ಹತ್ತು ಹಾಳೆಗಿಂತ ಜಾಸ್ತಿ ಬೇಕು, ಹನ್ನೊಂದು ಇಟ್ಟಿದ್ದೇನೆ. ಮೊದಲ ಹಾಳೆಗೆ ತಾರೀಖು ಹಾಕಿಲ್ಲ. ನೀರು ಬಿಟ್ಟ ದಿನ ಅಕ್ಕನೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾಳೆ.