ಡಾಂಬರು ಮುಗಿಯುವ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ

ಪುಣೆಯಲ್ಲಿ ಕರೆಂಟ್ ಲೈನ್ ಸರ್ವೆ ನನ್ನ ಕೆಲಸ. ಊರು ಧಾರವಾಡ. ಮುಳಶಿ, ತಾಮ್ಹಿಣಿ ಘಾಟ್ ಕಡೆಯ ಗುಡ್ಡಗಳಿಗೆ ಫೋರ್ ಬೈ ಫೋರ್ ಗಾಡಿಯಲ್ಲಿ, ಅಂದರೆ ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಕೊಡುವ ಗಾಡಿಯಲ್ಲಿ, ಆಗಾಗ ಹೋಗಬೇಕಾಗುತ್ತದೆ. ಮೊನ್ನೆ ಟೀಮಿಗೆ ಹೊಸದಾಗಿ ಬಂದ ಬಾಗಲಕೋಟೆಯ ಹುಡುಗ ಕೇಳಿದ: "ಅಣ್ಣಾ, ನಾಳೆ ಮೊದಲ ಸಲ ನಾನ ಗಾಡಿ ಹೊಡೀತೀನ್ರಿ, ಏನೇನ್ ನೋಡ್ಕೋಬೇಕು?" ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಮೊದಲ ಸಲ ಯಾರೂ ಹೇಳಿರಲಿಲ್ಲ. ಜುಲೈ ತಿಂಗಳು, ಗದ್ದೆ ಪಕ್ಕದ ಕೆಸರು ದಾರಿ. ಬೇಕಾದಾಗ ನಾಲ್ಕು ಚಕ್ರಕ್ಕೆ ಬದಲಿಸುವ ಲಿವರ್ ಎಳೆದರಾಯ್ತು ಅಂತ ಟೂ ವೀಲ್‌ನಲ್ಲೇ, ಅಂದರೆ ಹಿಂದಿನ ಎರಡೇ ಚಕ್ರದ ಬಲದಲ್ಲಿ, ಹೋದೆ. ಹಿಂದಿನ ಚಕ್ರ ತಿರುಗಿ ತಿರುಗಿ ಗುಂಡಿ ತೋಡಿಕೊಂಡಿತು, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾದ, ಜಾಸ್ತಿ ಬಲದ ಗೇರು) ಹಾಕುವಷ್ಟರಲ್ಲಿ ಗಾಡಿಯ ಹೊಟ್ಟೆ ಮಣ್ಣಿನ ಮೇಲೆ ಕೂತುಬಿಟ್ಟಿತ್ತು. ಹೊಟ್ಟೆ ಕೂತ ಮೇಲೆ ಚಕ್ರಕ್ಕೆ ಭಾರ ಬೀಳುವುದಿಲ್ಲ, ನಾಲ್ಕೂ ಸುಮ್ನೆ ತಿರುಗುತ್ತವೆ.

ಟ್ರ್ಯಾಕ್ಟರ್ ಬಂತು. ನಾನು ಹಗ್ಗವನ್ನು ಹಿಂದಿನ ಟೋ ಬಾಲ್‌ಗೆ ಕಟ್ಟಲು ಹೋದೆ. "ಥಾಂಬಾ, ಥಾಂಬಾ!" (ನಿಲ್ಲಿ, ನಿಲ್ಲಿ!) ಅಂತ ಟ್ರ್ಯಾಕ್ಟರ್ ತಂದ ರೈತರು ಮರಾಠಿಯಲ್ಲಿ ಕೂಗಿದರು. ಆ ಗುಂಡು ಇರುವುದು ರಸ್ತೆ ಮೇಲೆ ಟ್ರೈಲರ್ ಎಳೆಯಲು. ಕೆಸರಿನಿಂದ ಜಗ್ಗುವಾಗ ಮುರಿದರೆ ಗುಂಡೇಟಿನ ಹಾಗೆ ಹಾರಿ ಬರುತ್ತದೆ, ಪ್ರಾಣವೇ ಹೋಗಬಹುದು. ಚಾಸಿಗೆ ಬಿಗಿದಿರುವ ಹುಕ್ಕಿಗೇ ಕಟ್ಟಬೇಕು. ನಮ್ಮ ಗಾಡಿಯಲ್ಲಿ ಅದು ಎಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ! ಮಳೆಯಲ್ಲಿ ಮಲಗಿ, ಕೆಸರು ಬಗೆದು ಹುಡುಕಿದೆವು. ಅವರು ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿದ ಮೇಲೆಯೇ ಎಳೆದದ್ದು.

ಆವತ್ತಿನಿಂದ ಡಾಂಬರು ಮುಗಿದ ಕೂಡಲೇ ಇಳಿಯುತ್ತೇನೆ. ಮೊದಲು ಟೈರು. ರಸ್ತೆಗೆ ಹವಾ 32 ಪಿಎಸ್‌ಐ (ಹವಾ ಒತ್ತಡದ ಅಳತೆ) ಇದ್ದರೆ ಕೆಸರಿಗೆ 20ರ ಆಸುಪಾಸಿಗೆ ಇಳಿಸುತ್ತೇನೆ. ಟೈರು ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ, ಇದರಷ್ಟು ಸಹಾಯ ಬೇರೆ ಯಾವುದೂ ಮಾಡುವುದಿಲ್ಲ. 15ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ರಿಮ್ಮಿನಿಂದ ಕಳಚಬಹುದು.

ಆಮೇಲೆ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಮಾಮೂಲಿ ವೇಗದ ಗೇರು), ಕೆಸರು ಕಾಣುವ ಮೊದಲೇ. ಆದರೆ ಒಣ ಡಾಂಬರಿನ ಮೇಲೆ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು, ಲಿವರ್ ಇರುವ ಗಾಡಿಗಳಲ್ಲಿ ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ಗೇರಿಗೆ ಪೆಟ್ಟು. ಫೋರ್ ಲೋ ಹಾಕುವಾಗ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಿ. ಹಿಂದಿನ ದಿನ ಪಾರ್ಕಿಂಗ್‌ನಲ್ಲೇ ನಾಲ್ಕೈದು ಸಲ ಅಭ್ಯಾಸ ಮಾಡಿಕೊಳ್ಳಿ. ಇಳಿಜಾರಿನಲ್ಲಿ ಫೋರ್ ಲೋ, ಒಂದನೇ ಗೇರು, ಕ್ಲಚ್ಚಿನಿಂದ ಕಾಲು ತೆಗೆದುಬಿಡಿ, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಹೆಬ್ಬೆರಳು ಸ್ಟೇರಿಂಗಿನ ಹೊರಗಿರಲಿ. ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಗಕ್ಕನೆ ತಿರುಗಿ ಬೆರಳು ಮುರಿಯುತ್ತದೆ.

ಹಳ್ಳ ಸಿಕ್ಕರೆ ಮೊದಲು ಕೋಲು ಹಿಡಿದು ನಡೆದು ನೋಡಿ. ಮಹೀಂದ್ರಾದ ಥಾರ್ ಗಾಡಿ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಅಂತ ಕಂಪನಿಯೇ ಹೇಳುತ್ತದೆ, ಅಂದರೆ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಆದರೆ ತಾಮ್ಹಿಣಿಯ ಮಳೆಗಾಲದ ನೀರು ನಿಂತ ನೀರಲ್ಲ, ಅಲ್ವಾ? ಸೆಳೆತ ಇದ್ದಲ್ಲಿ ನಿಮಗೆ ನಡೆಯಲು ಆಗದಿದ್ದರೆ ಗಾಡಿಯನ್ನೂ ಇಳಿಸಬೇಡಿ. ಒಂಟಿ ಗಾಡಿಯಲ್ಲಂತೂ ಹೋಗಲೇಬೇಡಿ.

ವಾಪಸ್ ಡಾಂಬರಿಗೆ ಬಂದಾಗ ಹವಾ ತುಂಬಿಸಿಯೇ ಹೊರಡಿ, ಕಡಿಮೆ ಹವಾದಲ್ಲಿ ಜೋರಾಗಿ ಓಡಿಸಿದರೆ ಟೈರು ಕಾದು ಒಡೆಯುತ್ತದೆ. ಅದಕ್ಕೇ ಚಿಕ್ಕ ಕಂಪ್ರೆಸರ್ ಜೊತೆಗಿರಬೇಕು. ಅದರ ವೈರು, ಪೈಪು ಹಿಂದಿನ ಟೈರಿನವರೆಗೆ ಎಟುಕುತ್ತವಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಆ ಹುಡುಗ ರಾತ್ರಿಯೇ ಇಳಿದು ಹೋಗಿ ನೋಡಿದನಂತೆ, ಎಟುಕಲಿಲ್ಲ. ಬೆಳಿಗ್ಗೆ ನನ್ನದನ್ನು ಕೊಟ್ಟು ಕಳಿಸಿದೆ.