ಹೊಲದ ಮೇಲಿನ ಉಪ್ಪು

ಇವತ್ತು ಮುಂಜಾನೆ ಮುಧೋಳದ ಹತ್ತಿರ ಕಾಕಾ ಅವರ ಹೊಲಕ್ಕೆ ಹೋಗಿದ್ದೆ. ಕರಿ ಮಣ್ಣಿನ ಮೇಲೆ ಬೆಳ್ಳಗೆ ಏನೋ ಹರಡಿತ್ತು. ದೂರದಿಂದ ಸುಣ್ಣ ಚೆಲ್ಲಿದ ಹಾಗೆ. ಉಗುರಿನಿಂದ ಕೆರೆದೆ, ನಾಲಿಗೆಗೆ ತಾಗಿಸಿದೆ.

ಉಪ್ಪು. ಅದರ ಹಿಂದೆಯೇ ಒಂದು ಕಹಿ.

"ನೀರಿಲ್ಲದ ಒಣಗಿದ ಹೊಲ ನೋಡೀನಿ ತಮ್ಮಾ. ನೀರು ಕುಡದು ಸತ್ತದ್ದು ಇದ ಮೊದಲು" ಅಂದರು ಕಾಕಾ.

ಮುತ್ಯಾನ ಕಾಲದಲ್ಲಿ ಇಲ್ಲಿ ಬರೀ ಬಿಳಿಜೋಳ. ಹಿಂಗಾರಿ ಮಳೆ ಹೋದ ಮೇಲೂ ಎರಿ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತಿತ್ತು, ಅದರಲ್ಲೇ ತೆನೆ ಕಟ್ಟುತ್ತಿತ್ತು. ಆಮೇಲೆ ಘಟಪ್ರಭೆಯ ನೀರು ಬಂತು, ಕಬ್ಬು ಬಂತು. ನಾನೂ ಆ ಕಬ್ಬಿನ ದುಡ್ಡಿನಲ್ಲೇ ಓದಿದವನು. ಅದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಈ ಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ ಅಲ್ವಾ? ವರ್ಷಗಟ್ಟಲೆ ಜಾಸ್ತಿ ಹಾಯಿಸಿದ ನೀರು ಒಳಗೇ ನಿಂತಿತು. ಅಂತರ್ಜಲ ಬೇರಿನ ಮಟ್ಟಕ್ಕೆ ಏರಿತು, ಮಣ್ಣಿನೊಳಗಿನ ಉಪ್ಪನ್ನೂ ಜೊತೆಗೆ ತಂದಿತು. ಬಿಸಿಲು ನೀರನ್ನು ಒಯ್ದಿತು, ಉಪ್ಪನ್ನು ಇಲ್ಲೇ ಬಿಟ್ಟಿತು. ಸವಳು-ಜವಳು ಅಂತಾರಲ್ಲ, ಅದೇ. ಸಾವಿರಾರು ವರ್ಷಗಳ ಹಿಂದೆ ಈಗಿನ ಇರಾಕಿನಲ್ಲಿ, ಸುಮೇರಿಯನ್ನರ ನೀರಾವರಿ ಹೊಲಗಳಲ್ಲೂ ಹೀಗೇ ಉಪ್ಪು ಏರಿತ್ತು. ಅವರಲ್ಲೂ ಯಾರೋ ಒಬ್ಬರು ಮುಂಜಾನೆ ಹೀಗೆ ಬಗ್ಗಿ ಮಣ್ಣು ಕೆರೆದು ನೋಡಿರಬೇಕು.

ಒಳಗೆ ನಿಂತ ನೀರು ಬಸಿದು ಹೊರಗೆ ಹೋಗಲಿ ಅಂತ ಕಾಕಾ ಈಗ ಬಸಿಗಾಲುವೆ ತೆಗೆಸುತ್ತಿದ್ದಾರೆ. ಸುಮ್ನೆ ಅದರ ಅಂಚಿಗೆ ತುಂಬಾ ಹೊತ್ತು ಕೂತಿದ್ದೆ. ಅಗೆದ ಮಣ್ಣಿನ ಗೋಡೆಯಿಂದ ನೀರು ಹನಿಹನಿಯಾಗಿ ಜಿನುಗುತ್ತಿತ್ತು.

ಉಗುರಿನ ಸಂದಿಯಲ್ಲಿ ಆ ಬಿಳುಪು ಇನ್ನೂ ಇದೆ.